ಹಳೆಯ ಪೆಟ್ರೋಲು ಯಂತ್ರವೂ ನಮ್ಮ ಬಯಲುಸೀಮೆಯ ದಾರಿಯೂ

ವಾಡಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯಲ್ಲಿ ಯಾದಗಿರಿಯನ್ನು ದಾಟಿದ ಮೇಲೆ, ಕೃಷ್ಣಾನದಿಯ ಸೇತುವೆಯನ್ನು ಮುಟ್ಟುವುದಕ್ಕೆ ಮೊದಲು, ಸೈದಾಪುರವೆಂಬ ನಿಲ್ದಾಣವು ಸಿಕ್ಕುತ್ತದೆ. ಮುಂಬಯಿಯನ್ನೂ ಮದರಾಸನ್ನೂ ಕೂಡಿಸುವ ಈ ದಾರಿಯು 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿ ಪೂರ್ಣವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಸೀಮೆಯ ಕವಲುದಾರಿಯು ತೆರೆಯಿತು. ಅಂದಿನಿಂದ ಈ ಭಾಗದ ರೈತನಿಗೂ ವರ್ತಕನಿಗೂ ಮೂರು ರಾಜಧಾನಿಗಳು ಹತ್ತಿರವಾದುವು. ಆದರೆ ನಿಲ್ದಾಣದಿಂದ ನಾಲ್ಕು ಹರದಾರಿ ಒಳಗಿದ್ದ ಹಳ್ಳಿಯು ಮೊದಲಿದ್ದಷ್ಟು ದೂರದಲ್ಲಿಯೇ ಉಳಿಯಿತು. ರೈಲಿನಿಂದ ಇಳಿದವನಿಗೆ ಎತ್ತಿನ ಬಂಡಿಯೇ ಗತಿ. ಭೀಮೆಯ ಆಚೆಯ ಶಹಾಪುರ ಸುರಪುರಗಳಿಗೆ ಹೋಗತಕ್ಕವನ ಪಾಡಂತೂ ಹೇಳುವಂತಿರಲಿಲ್ಲ. ಮಳೆ ಬಂದರೆ ಎರೆಯ ನೆಲವು ಗಾಲಿಯನ್ನು ಅಪ್ಪಿ ಹಿಡಿಯುವುದು. ಬೇಸಿಗೆ ಬಂದರೆ ಅದೇ ನೆಲವು ಬಿರಿದು ಹುಡಿಯಾಗಿ ಮೇಲೇಳುವುದು.

ಹೀಗೆ ರೈಲು ಬಿಟ್ಟುಹೋದ ದಾರಿಯನ್ನು ಕಾಲಾನಂತರದಲ್ಲಿ ಕಿರಿದುಮಾಡಿದ್ದು ಪೆಟ್ರೋಲು ಯಂತ್ರವು. ರಾಜರ ಚರಿತ್ರೆಯನ್ನು ಬರೆದವರುಂಟು, ರೈಲಿನ ಚರಿತ್ರೆಯನ್ನು ಬರೆದವರುಂಟು. ಈ ಯಂತ್ರವು ನಮ್ಮ ಬಿಸಿಲಿಗೂ ಧೂಳಿಗೂ ಹೇಗೆ ಒಗ್ಗಿಕೊಂಡಿತು, ಅದರ ಬಲವೆಷ್ಟು, ಅದರ ಬೇನೆಗಳಾವುವು ಎಂಬುದನ್ನು ವಿಚಾರಿಸಿದವರು ವಿರಳ. ನಾವು ಈ ಹೊತ್ತು ಆ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿದುಕೊಳ್ಳೋಣ. ಜರ್ಮನಿಯ ಆಟೋ ಎಂಬಾತನು 1876ರಲ್ಲಿ ನಾಲ್ಕು ಹೊಡೆತಗಳ ಯಂತ್ರವನ್ನು ನಡೆಸಿ ತೋರಿಸಿದನು. ಅದೇ ದೇಶದ ಬೆನ್ಜ್ ಎಂಬಾತನು ಅಂಥ ಯಂತ್ರವನ್ನು ಮೂರು ಗಾಲಿಯ ಗಾಡಿಗೆ ಹೂಡಿ 1886ರಲ್ಲಿ ಹಕ್ಕುಪತ್ರವನ್ನು ಪಡೆದನು. ನಾಲ್ಕು ಹೊಡೆತಗಳೆಂದರೆ ಹೀರುವುದು, ಒತ್ತುವುದು, ಸಿಡಿಯುವುದು, ಉಗುಳುವುದು. ಸಿಲಿಂಡರಿನೊಳಗೆ ಏರಿಳಿಯುವ ಪಿಸ್ಟನ್ನು ಪೆಟ್ರೋಲಿನ ಆವಿಯನ್ನೂ ಗಾಳಿಯನ್ನೂ ಒಳಕ್ಕೆಳೆದು, ಒತ್ತಿ, ಕಿಡಿ ತಗುಲಿದೊಡನೆ ಕೆಳಕ್ಕೆ ದೂಡಲ್ಪಟ್ಟು, ಸುಟ್ಟ ಹೊಗೆಯನ್ನು ಹೊರಕ್ಕೆ ಕಳುಹಿಸುತ್ತದೆ. ಕೆಲಸ ನಡೆಯುವುದು ನಾಲ್ಕರಲ್ಲಿ ಒಂದು ಹೊಡೆತದಿಂದ. ಮಿಕ್ಕ ಮೂರನ್ನು ಭಾರವಾದ ಚಕ್ರದ ವೇಗವು ನಿರ್ವಹಿಸುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಂತ್ರವು ನಡೆಯಬೇಕಾದರೆ ಮೂರು ಅಗತ್ಯಗಳುಂಟು: ಹದವಾದ ಮಿಶ್ರಣ, ಸೋರದ ಒತ್ತಡ, ಸಕಾಲದ ಕಿಡಿ. ನಡೆದ ಯಂತ್ರವು ಉಳಿಯಬೇಕಾದರೆ ಇನ್ನೆರಡು ಬೇಕು: ಶಾಖವನ್ನು ಕಳೆಯುವ ನೀರು, ಸವೆತವನ್ನು ತಡೆಯುವ ಎಣ್ಣೆ. ಹಳೆಯ ಕಾರಿನ ಬೇನೆಗಳೆಲ್ಲವೂ ಈ ಐದರೊಳಗೆ ಅಡಗಿವೆ. ನುರಿತ ಮಿಸ್ತ್ರಿಯು ನಿಂತುಹೋದ ಗಾಡಿಯ ಮುಂದೆ ಬಂದು ನಿಂತಾಗ ಮನಸ್ಸಿನಲ್ಲಿಯೇ ಈ ಐದನ್ನು ಒಂದೊಂದಾಗಿ ತಳ್ಳಿಹಾಕುತ್ತಾ ಹೋಗುತ್ತಾನೆ. ವೈದ್ಯನು ನಾಡಿಯನ್ನು ಹಿಡಿಯುವ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಹಳೆಯ ಯಂತ್ರಗಳಲ್ಲೆಲ್ಲಾ ಹೆಚ್ಚಾಗಿ ಹರಡಿದುದು ಅಮೆರಿಕದ ಫೋರ್ಡ್ ಕಂಪೆನಿಯ ‘ಟಿ’ ಮಾದರಿಯದು. 1908ರಿಂದ 1927ರವರೆಗೆ ಇಂಥ ಒಂದೂವರೆ ಕೋಟಿ ಗಾಡಿಗಳು ತಯಾರಾದುವು. 1926ರಲ್ಲಿ ಕೆನಡಾದ ಫೋರ್ಡ್ ಕಂಪೆನಿಯ ಅಂಗವಾಗಿ ಇಂಡಿಯದಲ್ಲಿಯೇ ಒಂದು ಸಂಸ್ಥೆಯು ಏರ್ಪಟ್ಟು ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ವ್ಯವಹಾರವನ್ನು ತೊಡಗಿಸಿತು. 1928ರಲ್ಲಿ ಜನರಲ್ ಮೋಟರ್ಸ್ ಕಂಪೆನಿಯು ಮುಂಬಯಿಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿತು. ಸೈದಾಪುರದ ರೈಲುದಾರಿಯ ಎರಡು ತುದಿಗಳಲ್ಲಿಯೂ ಮೋಟಾರಿನ ಮಳಿಗೆಗಳು ತೆರೆದುವೆಂದ ಮೇಲೆ ನಡುವಣ ಸೀಮೆಗೆ ಅದರ ಗಾಳಿ ಬೀಸದಿರಲು ಸಾಧ್ಯವೆ?

‘ಟಿ’ ಮಾದರಿಯ ಯಂತ್ರದ ವಿವರಗಳು ಹೀಗಿವೆ. ಸಿಲಿಂಡರುಗಳು ನಾಲ್ಕು, ಒಂದೇ ಅಚ್ಚಿನಲ್ಲಿ ಎರಕಹೊಯ್ದವು. ಪ್ರತಿಯೊಂದರ ಒಳ ಅಗಲ 3¾ ಅಂಗುಲ, ಪಿಸ್ಟನ್ನಿನ ಓಟ 4 ಅಂಗುಲ. ಒಟ್ಟು ಗಾತ್ರ ಸುಮಾರು 2,900 ಘನ ಸೆಂಟಿಮೀಟರು. ಕವಾಟಗಳು ಪಕ್ಕದಲ್ಲಿವೆ. ಒತ್ತಡದ ಪ್ರಮಾಣವು ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು, ಬಲವು 20 ಅಶ್ವಶಕ್ತಿ. ತಲೆಯ ಭಾಗವನ್ನು ಮೊಳೆ ಬಿಚ್ಚಿ ಬೇರೆಮಾಡಬಹುದು. ಆ ಕಾಲಕ್ಕೆ ಇದು ದೊಡ್ಡ ಅನುಕೂಲ. ಪೆಟ್ರೋಲು ತಾನಾಗಿಯೇ ತೊಟ್ಟಿಯಿಂದ ಕೆಳಕ್ಕೆ ಹರಿಯಬೇಕು. ನೀರು ಕಾದು ಮೇಲೇರಿ, ತಣ್ಣಗಾಗಿ ಕೆಳಗಿಳಿದು ತಾನಾಗಿಯೇ ಸುತ್ತಬೇಕು. ಎಣ್ಣೆಯನ್ನು ತಿರುಗುವ ಭಾಗಗಳೇ ಚಿಮ್ಮಿಸಿಕೊಳ್ಳಬೇಕು. ಒತ್ತಿ ಕಳುಹಿಸುವ ಪಂಪು ಇದರಲ್ಲಿ ಒಂದೂ ಇಲ್ಲ. ಪಂಪಿಲ್ಲವಾದ್ದರಿಂದ ಪಂಪು ಕೆಡುವ ಭಯವೂ ಇಲ್ಲ. ಇದು ಇದರ ಗುಣ. ಇದೇ ಇದರ ದೋಷ.

ಮೇ ತಿಂಗಳಿನಲ್ಲಿ ಯಾದಗಿರಿ ರಾಯಚೂರುಗಳ ಬಯಲಿನಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ತಾನಾಗಿ ಸುತ್ತುವ ನೀರಿಗೆ ಹೊರಗಿನ ಗಾಳಿಯು ತಣ್ಣಗಿದ್ದರೆ ಮಾತ್ರ ಚಲನೆಯುಂಟು. ಗಾಳಿಯೇ ಕಾದಿರುವಾಗ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೆರೆಯ ನೀರಿನ ಸುಣ್ಣವೂ ಕೆಸರೂ ಕಟ್ಟಿಕೊಂಡಿರುವಾಗ, ನೀರು ಕುದಿಯದೆ ಇನ್ನೇನು ಮಾಡೀತು? ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಅವಸರದಿಂದ ತೆರೆದು ಕೈಮುಖಗಳನ್ನು ಸುಟ್ಟುಕೊಳ್ಳುವವರುಂಟು. ಬರಿದಾದ ಕಾದ ಯಂತ್ರಕ್ಕೆ ತಣ್ಣೀರು ಸುರಿದು ಎರಕದ ಕಬ್ಬಿಣವನ್ನು ಸೀಳಿಸಿಕೊಳ್ಳುವವರೂ ಉಂಟು. ತಾಳ್ಮೆಯೇ ಇದಕ್ಕೆ ಮೊದಲ ಔಷಧ, ಶುದ್ಧವಾದ ಮೆದುನೀರು ಎರಡನೆಯದು.

ಎಣ್ಣೆಯ ಬೇನೆಯು ಇದಕ್ಕಿಂತ ಗೂಢವಾದುದು. ಸುರಪುರದಂಥ ಗುಡ್ಡದ ಊರಿಗೆ ಗಾಡಿಯು ಏರುವಾಗ ಎಣ್ಣೆಯೆಲ್ಲವೂ ಹಿಂದಕ್ಕೆ ಸರಿಯುತ್ತದೆ. ಮುಂದಿನ ಮೊದಲನೆಯ ಸಿಲಿಂಡರಿನ ಬೇರಿಂಗು ಒಣಗುತ್ತದೆ. ತವರ, ಅಂಟಿಮೊನಿ, ತಾಮ್ರಗಳನ್ನು ಬೆರಸಿ ಮಾಡಿದ ಆ ಬಿಳಿ ಲೋಹದ ಪದರವು ಒಣಗಿ ಕಾದರೆ ಕರಗಿ ಹರಿದುಹೋಗುವುದು. ಆಮೇಲೆ ಯಂತ್ರದೊಳಗಿಂದ ಕೇಳಬರುವ ಟಕಟಕ ಶಬ್ದವನ್ನು ಬಲ್ಲವನು ಒಡನೆಯೇ ಗಾಡಿಯನ್ನು ನಿಲ್ಲಿಸುತ್ತಾನೆ. ತಿಳಿಯದವನು ಊರು ಮುಟ್ಟಿಸಲು ಹೋಗಿ ಕ್ರ್ಯಾಂಕು ದಂಡವನ್ನೇ ಕಳೆದುಕೊಳ್ಳುತ್ತಾನೆ. ಅದೇ ಏರಿನಲ್ಲಿ ಪೆಟ್ರೋಲಿನದೂ ಒಂದು ತೊಡಕು. ತೊಟ್ಟಿಯು ಸೀಟಿನ ಕೆಳಗಿರುವುದರಿಂದ, ಪೆಟ್ರೋಲು ಕಡಿಮೆಯಿದ್ದರೆ ಕಡಿದಾದ ಏರಿನಲ್ಲಿ ಅದು ಯಂತ್ರಕ್ಕಿಂತ ತಗ್ಗಿನಲ್ಲಿ ಬಿದ್ದು ಹರಿಯದೆ ನಿಲ್ಲುತ್ತದೆ. ಅಂಥಲ್ಲಿ ಚಾಲಕರು ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡವನ್ನು ಹತ್ತಿಸುತ್ತಿದ್ದರು. ನೋಡಿದವರಿಗೆ ಹುಚ್ಚಾಟವಾಗಿ ತೋರಿದರೂ ಅದು ಲೆಕ್ಕಕ್ಕೆ ಸರಿಯಾದ ಉಪಾಯವೇ ಆಗಿತ್ತು.

ಧೂಳಿನ ಮಾತು ಬೇರೆ. ಈ ಯಂತ್ರಕ್ಕೆ ಕಾರ್ಖಾನೆಯವರು ಗಾಳಿಯನ್ನು ಸೋಸುವ ಏರ್ಪಾಡನ್ನೇ ಇಟ್ಟಿರಲಿಲ್ಲ. ಬೇಸಿಗೆಯಲ್ಲಿ ಹೀರಿದ ಪ್ರತಿಯೊಂದು ಉಸಿರಿನಲ್ಲಿಯೂ ನೆಲದ ಹುಡಿಯು ಒಳಹೊಕ್ಕು, ಎಣ್ಣೆಯೊಡನೆ ಬೆರೆತು, ಸಾಣೆಯಂತೆ ಸಿಲಿಂಡರನ್ನು ತಿಕ್ಕುತ್ತದೆ. ಉಂಗುರಗಳು ಸವೆದ ಯಂತ್ರವು ಎಣ್ಣೆಯನ್ನು ಕುಡಿಯುತ್ತದೆ, ನೀಲಿ ಹೊಗೆಯನ್ನು ಬಿಡುತ್ತದೆ, ಬಲಗುಂದುತ್ತದೆ. ಸುಟ್ಟ ಎಣ್ಣೆಯ ಕರಿಯು ತಲೆಯೊಳಗೆ ಹೆಪ್ಪುಗಟ್ಟಿ, ಕಾದ ಕೆಂಡದಂತಾಗಿ, ಕಿಡಿಗಿಂತ ಮುಂಚೆಯೇ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಆಗ ತಲೆಯನ್ನು ಬಿಚ್ಚಿ ಕರಿಯನ್ನು ಕೆರೆದು ಕವಾಟಗಳನ್ನು ಅರೆದು ಕೂರಿಸಬೇಕು. ಹ್ಯಾಂಡಲನ್ನು ನಿಧಾನವಾಗಿ ತಿರುಗಿಸುತ್ತಾ ಯಾವ ಸಿಲಿಂಡರು ಕೈಗೆ ಎದುರು ಒತ್ತುತ್ತದೆ, ಯಾವುದು ಸಡಿಲವಾಗಿದೆ ಎಂಬುದನ್ನು ಅಂಗೈಯಿಂದಲೇ ತಿಳಿಯಬಹುದಾಗಿತ್ತು.

ಹ್ಯಾಂಡಲೆಂದೊಡನೆ ಇನ್ನೊಂದು ಅಪಾಯವು ನೆನಪಿಗೆ ಬರುತ್ತದೆ. ಕಿಡಿಯ ಕಾಲವನ್ನು ಚಾಲಕನೇ ಒಂದು ಸನ್ನೆಯಿಂದ ಹಿಂದುಮುಂದು ಮಾಡಬೇಕಾಗಿತ್ತು. ಅದನ್ನು ಹಿಂದಕ್ಕೆ ತಳ್ಳಲು ಮರೆತು ಹ್ಯಾಂಡಲು ಹೊಡೆದರೆ ಯಂತ್ರವು ಎದುರುದಿಕ್ಕಿಗೆ ಒದ್ದು ಮಣಿಕಟ್ಟನ್ನೇ ಮುರಿಯುವುದು. ಆದುದರಿಂದಲೇ ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸಬಾರದು, ಎಡಗೈಯಿಂದ ಮೇಲಕ್ಕೆ ಎಳೆಯಬೇಕು ಎಂಬ ವಿಧಿ ಹುಟ್ಟಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ತಿನಿಂದ ಯಂತ್ರವನ್ನು ಹೊರಡಿಸುವ ಸಲಕರಣೆಯು ಬಂದ ಮೇಲೆಯೇ ಈ ಭಯವು ಕ್ರಮವಾಗಿ ತೊಲಗಿದುದು. ಕಿಡಿಯ ಸುರುಳಿಗಳು ಮರದ ಪೆಟ್ಟಿಗೆಯಲ್ಲಿದ್ದುದರಿಂದ ಮಳೆಗಾಲದಲ್ಲಿ ಮರವು ತೇವವನ್ನು ಹೀರಿ ಕಿಡಿಯು ಹರಿದುಹೋಗುತ್ತಿತ್ತು. ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಒಣಗಿಸಿದರೆ ಗುಣವಾಗುತ್ತಿತ್ತು. ತಗಡಿನ ಡಬ್ಬಿಯ ಪೆಟ್ರೋಲಿನಲ್ಲಿ ನೀರೂ ತುಕ್ಕೂ ಇರುತ್ತಿದ್ದುವಾಗಿ, ಬಲ್ಲವರು ಅದನ್ನು ಹದಮಾಡಿದ ಮೆದುಚರ್ಮದಲ್ಲಿ ಸೋಸಿ ಹಾಕುತ್ತಿದ್ದರು. ಪೆಟ್ರೋಲಿನಲ್ಲಿ ನೆನೆದ ಚರ್ಮವು ಪೆಟ್ರೋಲನ್ನು ಬಿಟ್ಟು ನೀರನ್ನು ತಡೆಯುತ್ತದೆ.

ಇದೇ ಕಾಲದಲ್ಲಿ ಹೈದರಾಬಾದಿನ ಅರಮನೆಗೆ ಬಂದ ಒಂದು ಕಾರನ್ನು ಹೋಲಿಕೆಗಾಗಿ ನೋಡಬಹುದು. ಆರನೆಯ ನಿಜಾಮರಾದ ಮೆಹಬೂಬ್ ಅಲಿ ಖಾನರು ರೋಲ್ಸ್‌ರಾಯ್ಸ್ ಕಂಪೆನಿಗೆ ಒಂದು ದರ್ಬಾರಿ ಕಾರನ್ನು ಹೇಳಿಸಿದ್ದರು. 1911ರಲ್ಲಿ ಅವರು ತೀರಿಕೊಂಡರು. 1912ರ ಆ ಕಾರು ಅವರ ಮಗ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂತು. ಹಳದಿಯ ಬಣ್ಣ, ಒಳಗೆ ಎತ್ತರಿಸಿದ ಸಿಂಹಾಸನದಂಥ ಪೀಠ. ಯಂತ್ರವು ಆರು ಸಿಲಿಂಡರಿನದು, 7,428 ಘನ ಸೆಂಟಿಮೀಟರಿನದು. ಕ್ರ್ಯಾಂಕು ದಂಡಕ್ಕೆ ಏಳು ಬೇರಿಂಗುಗಳು, ಅವಕ್ಕೆ ಪಂಪಿನಿಂದ ಒತ್ತಿ ಕಳುಹಿಸುವ ಎಣ್ಣೆ, ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್ಗು. ಫೋರ್ಡಿನಲ್ಲಿ ನಾವು ಎಣಿಸಿದ ಬೇನೆಗಳಲ್ಲಿ ಅರ್ಧಕ್ಕೆ ಇದರಲ್ಲಿ ಮೊದಲೇ ಮದ್ದು ಹಾಕಿತ್ತು. ಆದರೆ ಈ ಕಾರು ಮೆರವಣಿಗೆಗಾಗಿ ಹುಟ್ಟಿದುದು. ಓಡಿದ ದೂರವು ಅತ್ಯಲ್ಪ. ಚೌಮಹಲ್ಲಾ ಅರಮನೆಯಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ. ಉತ್ತಮವಾದ ಯಂತ್ರವು ನೆರಳಿನಲ್ಲಿ ನಿಂತಿತು, ಸಾಧಾರಣವಾದ ಯಂತ್ರವು ಬಿಸಿಲಿನಲ್ಲಿ ದುಡಿಯಿತು.

ಸಾಮಾನ್ಯ ಪ್ರಜೆಗೆ ಮೋಟಾರಿನ ಫಲವು ದೊರೆತುದು ಕಾರಿನಿಂದಲ್ಲ, ಬಸ್ಸಿನಿಂದ. ನಿಜಾಮ ಸರ್ಕಾರವು 1930ರಲ್ಲಿ ತನ್ನ ಸೀಮೆಯ ರೈಲನ್ನು ಕಂಪೆನಿಯಿಂದ ಕೊಂಡುಕೊಂಡು, 1932ರಲ್ಲಿ ಅದೇ ರೈಲ್ವೆಯ ಕೈಕೆಳಗೆ ರಸ್ತೆಸಾರಿಗೆಯ ಇಲಾಖೆಯನ್ನು ತೆರೆಯಿತು. ಮೊದಲಿಗೆ ಇದ್ದುದು 27 ಬಸ್ಸುಗಳು, 166 ನೌಕರರು. ರೈಲೂ ಬಸ್ಸೂ ಒಂದೇ ಆಡಳಿತದಲ್ಲಿದ್ದುದರಿಂದ ಒಂದು ಇನ್ನೊಂದಕ್ಕೆ ಪೈಪೋಟಿಯಾಗದೆ ಪೂರಕವಾಗುವ ಅವಕಾಶವು ಒದಗಿತು. ರೈಲು ಬಿಟ್ಟ ನಾಲ್ಕು ಹರದಾರಿಯನ್ನು ಬಸ್ಸು ಎತ್ತಿಕೊಳ್ಳಬಹುದೆಂಬ ವಿಚಾರವು ಸರ್ಕಾರದ ಮಟ್ಟದಲ್ಲಿ ಮೂಡಿದುದು ಸಣ್ಣ ಮಾತಲ್ಲ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಬಂತು. ಪೆಟ್ರೋಲಿಗೆ ಕಟ್ಟು ಬಿತ್ತು. ಇಂಡಿಯದ ಎಲ್ಲೆಡೆಯಲ್ಲಿಯೂ ಬಸ್ಸುಗಳ ಹಿಂದೆ ಇದ್ದಲಿನ ಒಲೆಯು ಕಾಣಿಸಿಕೊಂಡಿತು. ಕಡಮೆ ಗಾಳಿಯಲ್ಲಿ ಇದ್ದಲನ್ನು ಸುಟ್ಟರೆ ಹೊತ್ತಿ ಉರಿಯತಕ್ಕ ಒಂದು ಅನಿಲವು ಹುಟ್ಟುತ್ತದೆ. ಅದನ್ನು ತಣಿಸಿ ಸೋಸಿ ಅದೇ ಪೆಟ್ರೋಲು ಯಂತ್ರಕ್ಕೆ ಉಣಿಸುತ್ತಿದ್ದರು. ಬಲದಲ್ಲಿ ಮೂರರಲ್ಲೊಂದು ಪಾಲು, ಕೆಲವು ವೇಳೆ ಅದಕ್ಕೂ ಹೆಚ್ಚು, ಕುಗ್ಗುತ್ತಿತ್ತು. ಒಲೆಯನ್ನು ಹೊತ್ತಿಸಿ ಅನಿಲವು ಹದಕ್ಕೆ ಬರುವ ತನಕ ಕಾಯಬೇಕಾಗಿತ್ತು. ಬೂದಿಯ ಕಣವು ಸೋಸುಬಟ್ಟೆಯನ್ನು ತಪ್ಪಿಸಿಕೊಂಡು ಸಿಲಿಂಡರನ್ನು ಸವೆಸುತ್ತಿತ್ತು, ಮುಚ್ಚಿದ ಕೊಠಡಿಯಲ್ಲಿ ಆ ಅನಿಲವು ಪ್ರಾಣಘಾತಕವೂ ಆಗಿತ್ತು. ಇಷ್ಟಾದರೂ ಬಸ್ಸುಗಳು ಓಡಿದುವು. ಕಡಮೆ ಒತ್ತಡದ ಒರಟು ಯಂತ್ರವಾದುದರಿಂದಲೇ ಅದು ಈ ಅನ್ಯಾಹಾರವನ್ನು ಜೀರ್ಣಿಸಿಕೊಂಡಿತು.

ಯಂತ್ರವನ್ನು ನಾವೇ ತಯಾರಿಸಬೇಕೆಂಬ ಹಂಬಲವು ಆ ವೇಳೆಗಾಗಲೇ ಹುಟ್ಟಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ರಚಿಸಿ ಅದಕ್ಕಾಗಿ ಬಹಳವಾಗಿ ಶ್ರಮಿಸಿದರು. ವಾಲ್‌ಚಂದ್ ಹೀರಾಚಂದರು ಅದರಲ್ಲಿ ಕೈಜೋಡಿಸಿದರು. ಮೈಸೂರು ಸಂಸ್ಥಾನದ ಒಲವಿದ್ದರೂ ಬ್ರಿಟಿಷ್ ಇಂಡಿಯದ ಸರ್ಕಾರವು ಸಮ್ಮತಿಸಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಕಂಪೆನಿಯು ಮುಂಬಯಿಯಲ್ಲಿ ಹುಟ್ಟಿತು. ಕಲ್ಕತ್ತೆಯ ಬಳಿಯ ಹಿಂದೂಸ್ತಾನ್ ಮೋಟರ್ಸಿನಿಂದ ಅಂಬಾಸಿಡರು ಬಂತು. ಇದರ ಮೊದಲ ಯಂತ್ರವು 1,476 ಘನ ಸೆಂಟಿಮೀಟರಿನ ಪಕ್ಕದ ಕವಾಟದ್ದು. ಆಮೇಲೆ 1,489 ಘನ ಸೆಂಟಿಮೀಟರಿನ, ಕವಾಟಗಳು ತಲೆಯ ಮೇಲಿರುವ ಯಂತ್ರವು ಬಂದು ಬಹುಕಾಲ ನೆಲೆಸಿತು. 1974ರಿಂದ ಪದ್ಮಿನಿಯೆಂದು ಕರೆಯಿಸಿಕೊಂಡ ಫಿಯಟ್ಟಿನ ಯಂತ್ರವು 68 ಮಿಲಿಮೀಟರು ಅಗಲ, 75 ಮಿಲಿಮೀಟರು ಓಟ, ಒಟ್ಟು 1,089 ಘನ ಸೆಂಟಿಮೀಟರಿನದು. ಬಲವು ಸುಮಾರು 40 ಅಶ್ವಶಕ್ತಿ.

ಇಲ್ಲಿ ಒಂದು ಲೆಕ್ಕವನ್ನು ಮಾಡಿನೋಡೋಣ. ಹಳೆಯ ಫೋರ್ಡು ಒಂದು ಲೀಟರು ಗಾತ್ರಕ್ಕೆ 7 ಅಶ್ವಶಕ್ತಿಯನ್ನು ಕೊಟ್ಟರೆ ಪದ್ಮಿನಿಯು 37ರಷ್ಟನ್ನು ಕೊಡುತ್ತದೆ, ಐದರಷ್ಟು ಹೆಚ್ಚಳ. ವೇಗದ ತಿರುಗು, ಹೆಚ್ಚಿನ ಒತ್ತಡ, ಮೇಲಣ ಕವಾಟ ಇವುಗಳಿಂದ ಇದು ಸಾಧ್ಯವಾಯಿತು. ಆದರೆ ಈ ಲಾಭಕ್ಕೆ ಬೆಲೆಯುಂಟು. ಬಲವು ಹೆಚ್ಚಿದಷ್ಟೂ ಯಂತ್ರದ ಸಹನೆಯು ಕಡಮೆಯಾಯಿತು. ಇಂಧನದ ಗುಣವನ್ನು ಅದು ಕೇಳತೊಡಗಿತು. ಪೆಟ್ರೋಲನ್ನು ಎಳೆಯುವ ಪಂಪು ಕಾದ ಯಂತ್ರದ ಮೈಗೇ ಅಂಟಿಕೊಂಡಿದ್ದುದರಿಂದ ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಹರಿವು ಕಡಿಯುತ್ತಿತ್ತು. ಪಂಪಿನ ಮೇಲೆ ಒದ್ದೆಬಟ್ಟೆಯನ್ನು ಸುತ್ತಿ, ಬಾನೆಟ್ಟನ್ನು ಎತ್ತಿ, ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತ ಚಾಲಕನನ್ನು ನೋಡದವರು ನಮ್ಮ ಪ್ರಾಂತದಲ್ಲಿ ಯಾರಿದ್ದಾರೆ?

ಇನ್ನು ಸೀಸದ ಕಥೆ. 1921ರಲ್ಲಿ ಅಮೆರಿಕದ ಮಿಜ್‌ಲಿ ಎಂಬಾತನು ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರಸಿದರೆ ಯಂತ್ರದ ಬಡಿತವು ನಿಲ್ಲುವುದನ್ನು ಕಂಡನು. 1923ರಿಂದ ಅದು ಮಾರಾಟಕ್ಕೆ ಬಂತು. ಸೀಸವು ಇನ್ನೊಂದು ಕೆಲಸವನ್ನೂ ಗುಟ್ಟಾಗಿ ಮಾಡುತ್ತಿತ್ತು: ಹೊಗೆಯ ಕವಾಟವು ಬಡಿದು ಕೂರುವ ಕಬ್ಬಿಣದ ಅಂಚಿನ ಮೇಲೆ ತೆಳುವಾದ ಪದರವಾಗಿ ನಿಂತು ಅದನ್ನು ಕಾಯುತ್ತಿತ್ತು. ಸೀಸವು ಮಕ್ಕಳ ಮಿದುಳಿಗೆ ವಿಷವೆಂಬುದು ಖಚಿತವಾಯಿತು. 2000ದ ಫೆಬ್ರವರಿಯಿಂದ ಇಂಡಿಯದಲ್ಲಿ ಸೀಸದ ಪೆಟ್ರೋಲು ಪೂರ್ಣವಾಗಿ ನಿಂತಿತು. ಇದು ನ್ಯಾಯವಾದುದೇ. ಆದರೆ ಗಟ್ಟಿಲೋಹದ ಅಂಚಿಲ್ಲದ ಹಳೆಯ ತಲೆಗಳಲ್ಲಿ ಕವಾಟವು ತನ್ನ ಪೀಠವನ್ನು ತಾನೇ ಕೊರೆಯುತ್ತಾ ಒಳಗಿಳಿಯತೊಡಗಿತು. ಕವಾಟವನ್ನು ತೆರೆಯುವ ಸಂದು ಮುಚ್ಚಿಹೋಗಿ, ಒತ್ತಡವು ಸೋರಿ, ಬೆಳಿಗ್ಗೆ ಗಾಡಿಯು ಹೊರಡದಾಗುತ್ತದೆ. ಗಟ್ಟಿಲೋಹದ ಉಂಗುರವನ್ನು ಕೂರಿಸಿದರೆ ಮಾತ್ರ ಪರಿಹಾರ. ವಿನೋದವೆಂದರೆ, ಸೀಸಕ್ಕಿಂತ ಮೊದಲು ಹುಟ್ಟಿದ ಫೋರ್ಡಿಗೆ ಈ ಬದಲಾವಣೆಯಿಂದ ಹೊಸ ತೊಂದರೆಯೇನೂ ಆಗಲಿಲ್ಲ.

ಈಚೆಗೆ ಬಂದಿರುವುದು ಎಥನಾಲ್ ಎಂಬ ಮದ್ಯಸಾರದ ಸರದಿ. 2023ರಿಂದ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ ಹಂತಹಂತವಾಗಿ ಹರಡಿದೆ. ಕಬ್ಬು ಬೆಳೆಯುವವನಿಗೆ ಇದರಿಂದ ಪೇಟೆಯುಂಟು, ಹೊರದೇಶದ ಎಣ್ಣೆಗೆ ತೆರುವ ಹಣದಲ್ಲಿ ಉಳಿತಾಯವುಂಟು. ಹಳೆಯ ಯಂತ್ರದ ಮಟ್ಟಿಗೆ ಮಾತ್ರ ಇದು ಎಚ್ಚರದಿಂದ ನಡೆಯಬೇಕಾದ ಕಾಲ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ತೊಟ್ಟಿಯ ಹಳೆಯ ಕೊಳೆಯನ್ನು ಎಬ್ಬಿಸಿ ಕಾರ್ಬುರೇಟರಿನ ಸಣ್ಣ ರಂಧ್ರಗಳಿಗೆ ತುಂಬುತ್ತದೆ. ಮಿಶ್ರಣವು ತೆಳುವಾಗಿ ಯಂತ್ರವು ಹೆಚ್ಚು ಕಾಯುತ್ತದೆ. ಸೀಸದ ಬದಲಾವಣೆಯಿಂದ ಪಾರಾದ ಫೋರ್ಡು ಇಲ್ಲಿ ಸಿಕ್ಕಿಬೀಳುತ್ತದೆ: ಅದರ ಕಾರ್ಬುರೇಟರಿನಲ್ಲಿ ತೇಲುವ ಬೆಂಡಿಗೆ ಹಿಂದಿನವರು ಅರಗನ್ನು ಬಳಿಯುತ್ತಿದ್ದರು, ಪೆಟ್ರೋಲಿಗೆ ಕರಗದ ಅರಗು ಮದ್ಯಸಾರಕ್ಕೆ ಕರಗುತ್ತದೆ. ಬೆಂಡು ನೆನೆದು ಮುಳುಗಿದರೆ ಪೆಟ್ರೋಲು ಉಕ್ಕಿ ಹರಿಯುವುದು, ಬೆಂಕಿಯ ಭಯವೂ ಬರುವುದು. ಹೊಸ ಬಗೆಯ ರಬ್ಬರು ಕೊಳವೆ, ಮದ್ಯಸಾರಕ್ಕೆ ಜಗ್ಗದ ಲೇಪ ಅಥವಾ ಹಿತ್ತಾಳೆಯ ತೇಲುಗುಂಡು, ಸ್ವಲ್ಪ ಅಗಲವಾದ ರಂಧ್ರ, ನಿಲ್ಲಿಸಿಡುವ ಮುನ್ನ ತೊಟ್ಟಿಯನ್ನು ಬರಿದುಮಾಡುವ ರೂಢಿ, ಇವು ಯಜಮಾನರು ಕೈಕೊಳ್ಳತಕ್ಕ ಉಪಾಯಗಳು.

ಪದ್ಮಿನಿಯ ತಯಾರಿಕೆಯು 2000ದ ಆಸುಪಾಸಿನಲ್ಲಿಯೂ ಅಂಬಾಸಿಡರಿನದು 2014ರಲ್ಲಿಯೂ ನಿಂತುಹೋಯಿತು. 2021ರ ನಿಯಮದಂತೆ 50 ವರ್ಷ ದಾಟಿದ ಕಾರುಗಳನ್ನು ಪ್ರಾಚೀನ ವಾಹನಗಳೆಂದು ಪ್ರತ್ಯೇಕವಾಗಿ ದಾಖಲುಮಾಡಿಸಲು ಅವಕಾಶವುಂಟು. ಕಾರಿನ ಮೈಗೆ ಹೀಗೆ ರಕ್ಷಣೆ ದೊರೆತಿದೆ. ಅದರ ಬೇನೆಯನ್ನು ಕಿವಿಯಿಂದಲೂ ಅಂಗೈಯಿಂದಲೂ ಅರಿಯುತ್ತಿದ್ದ ಕೈಚಳಕಕ್ಕೆ ರಕ್ಷಣೆ ಎಲ್ಲಿದೆ? ಬಿಳಿ ಲೋಹವನ್ನು ಎರಕಹೊಯ್ದು, ಮಸಿ ಹಚ್ಚಿ, ತಾಗಿದ ಕಡೆಯನ್ನು ನೋಡಿ, ಕೂದಲೆಳೆಯಷ್ಟು ಕೆರೆದು ಬೇರಿಂಗನ್ನು ಕೂರಿಸುವ ವಿದ್ಯೆಯು ಯಾವ ಕಾಲೇಜಿನ ಪಾಠಪಟ್ಟಿಯಲ್ಲಿಯೂ ಬರಲಿಲ್ಲ. ಗುರುವಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಸ್ಪ್ಯಾನರು ಎತ್ತಿಕೊಡುತ್ತಿದ್ದ ಹುಡುಗನಿಗೆ ಅದು ಬಂತು. ಆ ಹುಡುಗನ ಮಗನಿಗೆ ಅದು ಬೇಡವಾಯಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ.

ಹಳೆಯ ಹೈದರಾಬಾದು ಸಂಸ್ಥಾನದ ಕನ್ನಡ ಭಾಗವು 1948ರಲ್ಲಿ ಇಂಡಿಯಕ್ಕೆ ಸೇರಿ, 1956ರಲ್ಲಿ ಕನ್ನಡ ನಾಡಿನೊಡನೆ ಒಂದಾಯಿತು. ಯಾದಗಿರಿಯು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈ ತೇದಿಗಳೆಲ್ಲವೂ ಕಾಗದದಲ್ಲಿ ಉಳಿದಿವೆ, ಉಳಿಯುತ್ತವೆ. ಸೈದಾಪುರ, ಯಾದಗಿರಿ, ಸುರಪುರದಂಥ ಊರುಗಳಲ್ಲಿ ವಯಸ್ಸಾದ ಒಬ್ಬ ಮಿಸ್ತ್ರಿಯಾದರೂ ದೊರೆತರೆ, ಆತನ ಬಳಿ ನಾಲ್ಕು ಸಂಜೆ ಕುಳಿತು, ಯಾವ ಶಬ್ದಕ್ಕೆ ಯಾವ ಬೇನೆ, ಯಾವ ಬೇನೆಗೆ ಯಾವ ಮದ್ದು, ಆತನು ಯಾವ ಹತಾರನ್ನು ಏನೆಂದು ಕರೆಯುತ್ತಾನೆ ಎಂಬುದನ್ನು ಆತನ ಮಾತಿನಲ್ಲಿಯೇ ಬರೆದಿಡುವುದು ವಿದ್ಯಾವಂತರಾದ ತರುಣರಿಂದ ಆಗತಕ್ಕ ಕೆಲಸ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಸ್ವಲ್ಪ ವಿನಯ. ಹಾಗೆ ಬರೆದಿಟ್ಟ ಹತ್ತು ಪುಟಗಳು, ರೈಲು ಬಿಟ್ಟುಹೋದ ಆ ನಾಲ್ಕು ಹರದಾರಿಯನ್ನು ನಮ್ಮ ಜನರು ಹೇಗೆ ದಾಟಿದರೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುವು.